ಬಾರದ ಬಸ್ಸಿಗೆ ಸೊನ್ನೆ ರೂಪಾಯಿ ಟಿಕೆಟ್

ಇವರಿಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೆ ಹಾಲ್ಟ್ ಬಸ್ ಬೇಕಾಗಿರುವ ಬಗ್ಗೆ.

ಮಾನ್ಯರೇ,

2025ರ ಜುಲೈ 14ರಂದು ರಾಜ್ಯದಲ್ಲಿ ಎರಡು ಸಂಭ್ರಮ ನಡೆದವು. ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಸ್ಸು ಹತ್ತಿ, ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಐನೂರನೇ ಕೋಟಿಯ ಟಿಕೆಟ್ಟನ್ನು ಮಹಿಳೆಯೊಬ್ಬರ ಕೈಗಿತ್ತರು. ಅದೇ ದಿನ ಸಾಗರ ತಾಲ್ಲೂಕಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆಯನ್ನು ಉದ್ಘಾಟಿಸಿದರು. ಸಮಾರಂಭಕ್ಕೆ ಯಾರು ಯಾರನ್ನು ಹೇಗೆ ಕರೆದರು, ಕರೆಯಲಿಲ್ಲ ಎಂಬ ಜಗಳ ಪತ್ರಿಕೆಗಳ ಮುಖಪುಟ ತುಂಬಿತು.

ಎರಡರ ಮೇಲೂ ನನಗೆ ತಕರಾರಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆರು ದಶಕ ಲಾಂಚಿಗೆ ಕಾದ, ಹಿನ್ನೀರಿನಾಚೆಯ ತುಮರಿ ಸೀಮೆಯವರಿಗೆ ಸೇತುವೆಯ ಬೆಲೆ ಗೊತ್ತು. ಗಂಡನ ಮುಂದೆ ಕೈ ಒಡ್ಡದೆ ತವರಿಗೆ ಹೋಗಿಬರುವ ಹೆಂಗಸಿಗೆ ಸೊನ್ನೆ ರೂಪಾಯಿ ಟಿಕೆಟ್ಟಿನ ಬೆಲೆಯೂ ಗೊತ್ತು. ನನ್ನ ಪ್ರಶ್ನೆ ಈ ಎರಡರ ನಡುವೆ ನೀವು ಬಿಟ್ಟುಹೋಗಿರುವುದನ್ನು ಕುರಿತದ್ದು. ರಸ್ತೆ ಇದೆ, ಟಿಕೆಟ್ಟೂ ಇದೆ. ಬಸ್ಸು ಎಲ್ಲಿದೆ?

ಕೇಳಲು ನನಗೆ ಕಾರಣವಿದೆ. ನಮ್ಮದು ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ, ಡಾಂಬರು ರಸ್ತೆಯಿಂದ ಬಹಳ ಒಳಗಿರುವ ಊರು. ನಮ್ಮ ಮನೆತನದಲ್ಲಿ ಎಂ.ಎ. ಮಾಡಿದವಳು ನನ್ನ ಮಗಳೇ ಮೊದಲು. ಘಟಿಕೋತ್ಸವ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ, ನಮ್ಮಲ್ಲಿಂದ ನೂರು ಕಿಲೋಮೀಟರ್ ಮೀರುತ್ತದೆ. ನಮ್ಮ ಕಡೆಯ ಮೊದಲ ಬಸ್ಸು ಹಿಡಿದರೆ ಶಿವಮೊಗ್ಗ ತಲುಪುವಷ್ಟರಲ್ಲೇ ಸಮಾರಂಭ ಶುರುವಾಗಿರುತ್ತದೆ. ಹಾಗಾಗಿ ಅಡಿಕೆ ಕೊಯ್ಲಿನ ಕೂಲಿಗೆಂದು ಇಟ್ಟಿದ್ದ ದುಡ್ಡು ತೆಗೆದು ಹಳೆಯ ಓಮ್ನಿಯೊಂದನ್ನು ಬಾಡಿಗೆಗೆ ಗೊತ್ತು ಮಾಡಿದೆವು. ಮಂಡಿನೋವಿನ ನನ್ನ ಅತ್ತೆಯೂ ಪೆಟ್ಟಿಗೆಯ ಸೀರೆ ಉಟ್ಟು ಹೊರಟರು. ನಗರ ಇನ್ನೂ ಸಿಕ್ಕಿರಲಿಲ್ಲ, ಏರಿನಲ್ಲಿ ರೇಡಿಯೇಟರಿನ ಪೈಪು ಒಡೆದು ಗಾಡಿ ಹೊಗೆಯಾಡುತ್ತ ನಿಂತಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಹಿಂದಿನಿಂದ ಬರುವ ಬಸ್ಸಿಲ್ಲ, ಎದುರಿನಿಂದ ಬರುವ ಬಸ್ಸೂ ಇಲ್ಲ. ಬಹಳ ಹೊತ್ತಿನ ಮೇಲೆ ಅಡಿಕೆ ಮೂಟೆ ಹೇರಿದ್ದ ಪಿಕಪ್ ಒಂದು ಬಂತು. ಅದರಲ್ಲಿ ಇಬ್ಬರಿಗೆ ಜಾಗವಿತ್ತು. ಮಗಳೂ ಅವಳಪ್ಪನೂ ಹತ್ತಿದರು. ಅವಳು ತಡವಾಗಿಯಾದರೂ ತಲುಪಿ ಪದವಿ ತೆಗೆದುಕೊಂಡಳು. ನಾನೂ ಅತ್ತೆಯೂ ದರೆಯ ಬದಿಯಲ್ಲಿ ಕೂತಿದ್ದು ಮನೆಗೆ ಮರಳಿದೆವು.

ಗಾಡಿಯ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಕೆಡುತ್ತದೆ, ಡ್ರೈವರ್ ಹುಡುಗ ಪಾಪ ಬಾಡಿಗೆಯನ್ನೂ ಬೇಡವೆಂದ. ಆದರೆ ಒಂದು ಪೈಪು ಒಡೆದರೆ ಒಂದು ಮನೆಯ ಇಡೀ ದಿನ ಒಡೆದುಹೋಗುವಂತೆ ನಮ್ಮನ್ನು ಇಟ್ಟಿರುವವರು ಯಾರು? ಶಿವಮೊಗ್ಗದಲ್ಲೋ ಮಂಡ್ಯದಲ್ಲೋ ಕಾರು ಕೆಟ್ಟರೆ ಜನ ಅದನ್ನು ಬದಿಗೆ ನಿಲ್ಲಿಸಿ ಬಸ್ಸು ಹತ್ತುತ್ತಾರೆ. ನಮಗೆ ಘಟಿಕೋತ್ಸವ ಒಂದು ದಿನದ ಮಾತು. ಆಸ್ಪತ್ರೆ, ಪರೀಕ್ಷೆ, ಕೋರ್ಟು, ತಾಲ್ಲೂಕು ಕಚೇರಿ, ಕೆಲಸದ ಸಂದರ್ಶನ ಇವೆಲ್ಲ ವರ್ಷವಿಡೀ ಇರುವಂಥವು. ಇವೆಲ್ಲವೂ ಬಾಡಿಗೆ ಗಾಡಿಯವನ ಬಿಡುವನ್ನು ನಂಬಿವೆ.

ನಿಮಗೆ ಹಾಲ್ಟ್ ಬಸ್ ಎಂದರೆ ಏನೆಂದು ಯಾರಾದರೂ ಹೇಳಿದ್ದಾರೋ ಇಲ್ಲವೋ ತಿಳಿಯದು. ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಪೇಟೆಯಿಂದ ಬಂದು ಊರಿನಲ್ಲೇ ಉಳಿಯುವ ಬಸ್ಸು ಅದು. ಡ್ರೈವರ್, ಕಂಡಕ್ಟರ್ ಶಾಲೆಯ ಜಗುಲಿಯಲ್ಲೋ ಯಾರದಾದರೂ ಮನೆಯಲ್ಲೋ ಮಲಗುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಅದೇ ಬಸ್ಸು ಪೇಟೆಗೆ ಹೊರಡುತ್ತದೆ. ಮಲೆನಾಡಿನ ಒಳ ಊರುಗಳ ಹೆಣ್ಣುಮಕ್ಕಳು ಕಾಲೇಜು ಕಂಡಿದ್ದು ಈ ಬಸ್ಸಿನಿಂದ. ಹಾಲಿನ ಕ್ಯಾನು, ಔಷಧಿಯ ಚೀಟಿ, ಮದುವೆಯ ಕರೆಯೋಲೆ ಎಲ್ಲವೂ ಅದರಲ್ಲೇ ಹೋಗುತ್ತಿದ್ದವು. ಹಾಲ್ಟ್ ಬಸ್ ನಿಂತ ಊರಿಗೆ ಮಧ್ಯಾಹ್ನ ಒಂದು ಬಸ್ಸು ಬಂದರೂ ಅದು ಸಂತೆಗೆ ಸಾಕು, ಬದುಕಿಗೆ ಸಾಲದು. ಬೆಳಗಿನ ಬಸ್ಸು ತಪ್ಪಿದ ಊರಿನಲ್ಲಿ ಹುಡುಗರು ಬೈಕ್ ಕೊಳ್ಳುತ್ತಾರೆ, ಹುಡುಗಿಯರು ಕಾಲೇಜು ಬಿಡುತ್ತಾರೆ, ಮುದುಕರು ಆಸ್ಪತ್ರೆಯನ್ನು ನಾಳೆಗೆ ದೂಡುತ್ತಾರೆ.

ಈ ಬಸ್ಸುಗಳನ್ನು ಓಡಿಸಿದ್ದು ಬಹುಪಾಲು ಖಾಸಗಿಯವರು. ಸರ್ಕಾರ ಬಾರದ ಕಾಲದಲ್ಲಿ, ಸೇತುವೆಯಿಲ್ಲದ ಹಳ್ಳ ದಾಟಿ ಬಂದವರು ಅವರು. ಅವರಿಗೆ ನಾವು ಋಣಿಗಳೇ. ಪಕ್ಕದ ಕೊಪ್ಪದಲ್ಲಿ ಇನ್ನೂ ದೊಡ್ಡದೊಂದು ಕೆಲಸ ಆಗಿತ್ತು. ಮಾಲೀಕರು ಕೈಬಿಟ್ಟ ಬಸ್ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಕೆಲವೇ ಬಸ್ಸುಗಳಿಂದ ಶುರುವಾದದ್ದು ಎಪ್ಪತ್ತು ದಾಟಿತು. ಚಿಕ್ಕಮಗಳೂರು, ಶಿವಮೊಗ್ಗ, ಉಡುಪಿ ಜಿಲ್ಲೆಗಳ ಹಳ್ಳಿದಾರಿಗಳಲ್ಲಿ ಓಡಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟಿತು. ಕಾರ್ಮಿಕರೇ ಒಡೆಯರಾದ ಈ ಸಂಸ್ಥೆಯನ್ನು ನೋಡಿ ಕಲಿಯಲು ದೂರದಿಂದ ಜನ ಬರುತ್ತಿದ್ದರು. ಡೀಸೆಲ್ ಬೆಲೆ, ಬಿಡಿಭಾಗ, ತೆರಿಗೆ, ವಿಮೆ ಎಲ್ಲ ಏರಿ, ನೆರವಿಗೆ ಮೊರೆಯಿಟ್ಟೂ ಫಲ ಕಾಣದೆ, 2020ರಲ್ಲಿ ಅದು ಬಾಗಿಲು ಹಾಕಿತು. ಬೆನ್ನಿಗೇ ಕೊರೊನಾ ಬಂತು. ಆಗ ನಿಂತ ಎಷ್ಟೋ ಖಾಸಗಿ ಟ್ರಿಪ್ಪುಗಳು ಮತ್ತೆ ಹೊರಡಲೇ ಇಲ್ಲ.

ಇಂಥ ಹೊತ್ತಿನಲ್ಲಿ, 2023ರ ಜೂನ್ 11ರಂದು ಶಕ್ತಿ ಬಂತು. ಅದು ನಾಲ್ಕು ಸರ್ಕಾರಿ ನಿಗಮಗಳ ಬಸ್ಸಿಗೆ ಮಾತ್ರ. ಸಾಗರದಿಂದ ಶಿವಮೊಗ್ಗಕ್ಕೆ ಹೆದ್ದಾರಿಯಲ್ಲಿ ಹೋಗುವವಳಿಗೆ ಅದು ಸಿಗುತ್ತದೆ, ಸಂತೋಷ. ನಿಟ್ಟೂರು, ಸಂಪೆಕಟ್ಟೆ, ಹುಲಿಕಲ್ ಕಡೆಯ ಒಳದಾರಿಯಲ್ಲಿ ಖಾಸಗಿ ಬಸ್ಸಿಗೆ ಕಾಯುವವಳು ಪೂರ್ತಿ ದುಡ್ಡು ಕೊಡುತ್ತಾಳೆ. ಆಧಾರ್ ಕಾರ್ಡು ಇಬ್ಬರ ಕೈಯಲ್ಲೂ ಒಂದೇ, ಇಬ್ಬರೂ ಕನ್ನಡ ನಾಡಿನ ಹೆಂಗಸರೇ. ಒಬ್ಬಳ ಮನೆ ಹೆದ್ದಾರಿಗೆ ಹತ್ತಿರವಿದೆ ಅಷ್ಟೆ. ಪಂಕ್ತಿಗೆ ಕೂರಿಸಿ ಎಲೆಯನ್ನೂ ಹಾಕಿ, ನಮ್ಮ ಸಾಲಿಗೆ ಮಾತ್ರ ಬಡಿಸುವವರು ಬರದಿದ್ದರೆ ಅದನ್ನು ಊಟ ಹಾಕಿದ್ದು ಎನ್ನುತ್ತೀರಾ? ಇನ್ನೊಂದು ಕಷ್ಟವನ್ನು ಬಸ್ ಮಾಲೀಕರು ಹೇಳುತ್ತಾರೆ: ಹೆದ್ದಾರಿಯ ಪ್ರಯಾಣಿಕರಿಂದ ಬರುತ್ತಿದ್ದ ಲಾಭದಲ್ಲೇ ಅವರು ಒಳ ಊರಿನ ನಷ್ಟ ತುಂಬಿಕೊಳ್ಳುತ್ತಿದ್ದರಂತೆ. ಆ ಪ್ರಯಾಣಿಕರು ಸರ್ಕಾರಿ ಬಸ್ಸಿಗೆ ಹೋದರು. ಮಾಲೀಕರು ಮೊದಲು ಕತ್ತರಿಸಿದ್ದು ಒಳ ಊರಿನ ಟ್ರಿಪ್ಪನ್ನೇ. ಅವರ ಮಾತಿನಲ್ಲಿ ಎಷ್ಟು ನಿಜ ಎಂದು ತೂಗಿ ನೋಡಬೇಕಾದದ್ದು ನಿಮ್ಮ ಇಲಾಖೆ.

ನಮ್ಮ ಸೀಮೆಯ ಹೆಸರುಗಳ ಮೇಲೆ ಮಾತ್ರ ಸರ್ಕಾರಕ್ಕೆ ಎಂದೂ ಪ್ರೀತಿ ಕಮ್ಮಿಯಾಗಿಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಹೆಸರು. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೆ ಕೆಳದಿಯ ಮನೆತನದಲ್ಲಿ ಹುಟ್ಟಿ, ನಮ್ಮ ನಗರವೇ ಆದ ಬಿದನೂರಿನಿಂದ ಆಳಿದ ಶಿವಪ್ಪನಾಯಕನ ಹೆಸರು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಪ್ರಧಾನಿ ಉದ್ಘಾಟಿಸಿದ ವಿಮಾನ ನಿಲ್ದಾಣಕ್ಕೂ ಕುವೆಂಪು ಹೆಸರೇ. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದಲ್ಲಿ ಶಂಕರ್‌ನಾಗ್ ಅವರ ಚಿತ್ರೀಕರಣದ ನೆನಪಿಗೆ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಪ್ರವಾಸಿಗರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಎಲ್ಲವೂ ಚೆಂದ. ಆದರೆ ಬಿದನೂರಿನ ಹುಡುಗಿ ಶಿವಪ್ಪನಾಯಕನ ಹೆಸರಿನ ವಿಶ್ವವಿದ್ಯಾಲಯಕ್ಕೆ ಹೋಗುವುದು ಹೇಗೆ ಎಂದು ಹೆಸರಿಟ್ಟವರಾರೂ ಯೋಚಿಸಿದ ಲಕ್ಷಣವಿಲ್ಲ.

ಈ ಸೀಮೆ ನಿಮ್ಮಿಂದ ಬೇಡುತ್ತಲೇ ಬಂದದ್ದೂ ಅಲ್ಲ. ಲಿಂಗನಮಕ್ಕಿ ಸಾಗರದ ನೆಲದಲ್ಲಿದೆ. ಮಾಣಿ, ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳು ಹೊಸನಗರದ ನೆಲದಲ್ಲಿವೆ. ಶರಾವತಿ ಹುಟ್ಟುವ ಅಂಬುತೀರ್ಥ ತೀರ್ಥಹಳ್ಳಿ ತಾಲ್ಲೂಕಿನದು. ಬೆಂಗಳೂರಿನ ದೀಪ ಉರಿಯಲು ನಮ್ಮ ಗದ್ದೆ ಮುಳುಗಿತು, ದಾರಿ ಮುಳುಗಿತು. ಒಂದು ಕೂಗಿನಷ್ಟು ಹತ್ತಿರವಿದ್ದ ಊರುಗಳು ಹಿನ್ನೀರು ಸುತ್ತಿ ಹೋಗುವಷ್ಟು ದೂರವಾದವು. ನಮ್ಮಲ್ಲಿ ಮನೆಗಳು ಚದುರಿವೆ, ಜನ ಕಡಿಮೆ, ಹಾಗಾಗಿ ಬಸ್ಸಿಗೆ ನಷ್ಟ ಎಂದು ನಿಗಮದ ಲೆಕ್ಕ ಹೇಳುತ್ತದೆ. ಚದುರಿಸಿದ ನೀರು ಯಾರ ಲೆಕ್ಕಕ್ಕೆ?

ಕೇಳುವವರೂ ನಮಗೆ ಕಡಿಮೆಯಾಗಿದ್ದಾರೆ. 1952ರಲ್ಲಿ ಸಾಗರ–ಹೊಸನಗರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದ ಶಾಂತವೇರಿ ಗೋಪಾಲಗೌಡರು ಈ ಮೂರೂ ತಾಲ್ಲೂಕಿನ ಗೇಣಿದಾರನ ಮಾತನ್ನು ವಿಧಾನಸಭೆಯಲ್ಲಿ ಆಡಿದವರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಅಳಿಸಿಹೋಗಿ ಅರ್ಧ ಸಾಗರಕ್ಕೆ, ಅರ್ಧ ತೀರ್ಥಹಳ್ಳಿಗೆ ಹಂಚಿಹೋಯಿತು. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಎಂದು ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಹಳೆಯ ಶಿವಮೊಗ್ಗ ಜಿಲ್ಲೆಯಲ್ಲಿ, ಊರಿಗೊಂದು ಬೆಳಗಿನ ಬಸ್ಸು ಕೇಳಲು ಒಬ್ಬ ತಾಯಿ ಬಹಿರಂಗ ಪತ್ರ ಬರೆಯಬೇಕಾಗಿದೆ. ಪಕ್ಷಗಳನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಎಲ್ಲ ಪಕ್ಷಗಳೂ ನಮ್ಮ ರಸ್ತೆಯಲ್ಲಿ ಬಂದು ಹೋಗಿವೆ, ತಮ್ಮದೇ ಕಾರಿನಲ್ಲಿ.

ಆದದ್ದನ್ನೇ ಹೇಳುತ್ತ ಕೂರುವುದಿಲ್ಲ. ಆಗಬೇಕಾದದ್ದು ಇವಿಷ್ಟು.

ಮೊದಲನೆಯದು, ಲೆಕ್ಕ. ಯಾವ ದಾರಿಗೆ ಯಾರಿಗೆ ಪರ್ಮಿಟ್ ಇದೆ, ಯಾವ ವೇಳೆಗೆ ಓಡಬೇಕು ಎಂಬ ಕಾಗದ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಬಳಿ ಇರುತ್ತದೆ. ಮೂರೂ ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅದನ್ನು ಹಚ್ಚಿಸಿ. ಪಕ್ಕದಲ್ಲಿ ನಿಜವಾಗಿ ಬರುವ ಬಸ್ಸುಗಳ ಪಟ್ಟಿಯನ್ನು ಊರವರೇ ಬರೆಯುತ್ತೇವೆ. ಎರಡನ್ನೂ ಓದಿದರೆ ನಿಮಗೆ ತನಿಖಾ ಸಮಿತಿ ಬೇಕಾಗುವುದಿಲ್ಲ. ಓಡದ ಪರ್ಮಿಟ್ಟನ್ನು ರದ್ದು ಮಾಡಿ, ಓಡಿಸುವವರಿಗೆ ಕೊಡಿ.

ಎರಡನೆಯದು, ಶಕ್ತಿ. ನಿಗಮಗಳಿಗೆ ಸೊನ್ನೆ ಟಿಕೆಟ್ಟಿನ ಲೆಕ್ಕ ಹಿಡಿದು ಸರ್ಕಾರ ಹಣ ತುಂಬಿಕೊಡುತ್ತದೆ. ಸರ್ಕಾರಿ ಬಸ್ಸೇ ಇಲ್ಲದ ದಾರಿಗಳನ್ನು ಗುರುತಿಸಿ, ಅಲ್ಲಿನ ಖಾಸಗಿ ಬಸ್ಸಿಗೂ ಅದೇ ಲೆಕ್ಕದಲ್ಲಿ ಕೊಡಿ. ಹಣದ ಜೊತೆ ಷರತ್ತೂ ಇರಲಿ: ರಾತ್ರಿ ಹಾಲ್ಟ್ ಇರಬೇಕು, ಬೆಳಗಿನ ಟ್ರಿಪ್ ತಪ್ಪಬಾರದು, ವಿದ್ಯಾರ್ಥಿಗಳಿಗೆ ಪಾಸು ಇರಬೇಕು. ಕೇರಳದಲ್ಲಿ ಖಾಸಗಿ ಬಸ್ಸುಗಳೂ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತವೆ. ಘಟ್ಟದ ಈಚೆಗೆ ಆ ನಿಯಮ ಹತ್ತಿ ಬರಲಾರದೇ?

ಮೂರನೆಯದು, ಗಾಡಿ. ನಮ್ಮ ತಿರುವುಗಳಿಗೆ, ನಮ್ಮ ಮಳೆಗೆ ಐವತ್ತು ಸೀಟಿನ ದೊಡ್ಡ ಬಸ್ಸು ಬೇಕಿಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸುವುದು ನಿಮಗೇ ಗೊತ್ತು. ಸಣ್ಣ ಬಸ್ಸು ಕೊಡಿ; ನಗರ, ರಿಪ್ಪನ್‌ಪೇಟೆ, ಆನಂದಪುರದಂಥ ಕಡೆ ದೊಡ್ಡ ಬಸ್ಸಿನ ಜೊತೆ ಅದರ ವೇಳೆ ಕೂಡಿಸಿ. ಓಡಿಸಲು ನಿಗಮಕ್ಕೆ ಆಗದಿದ್ದರೆ ಕಾರ್ಮಿಕರ ಸಹಕಾರ ಸಂಘಗಳಿಗೆ ಸಾಲ, ತೆರಿಗೆ ವಿನಾಯಿತಿ ಕೊಡಿ. ಕೊಪ್ಪದವರು ಸುಮಾರು ಮೂರು ದಶಕ ಓಡಿಸಿ ತೋರಿಸಿದ್ದಾರೆ. ಸೋತದ್ದು ಅವರ ದುಡಿಮೆಯಲ್ಲ.

ದಾರಿಯಲ್ಲಿ ಮೊಬೈಲ್ ಸಿಗ್ನಲ್ ಕೊಡಿಸುವುದು ನಿಮ್ಮ ಖಾತೆಯಲ್ಲ ಎನ್ನುವಿರಿ. ಸಾಗರ, ಹೊಸನಗರದ ಹಳ್ಳಿಗಳವರು 2021ರಲ್ಲೇ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಕೂಗಿದ್ದನ್ನು ಆ ಖಾತೆಯವರ ಕಿವಿಗೆ ನೀವೇ ಹಾಕಿ.

ನಷ್ಟವಾಗುತ್ತದೆ ಎಂಬ ಉತ್ತರ ಬರುತ್ತದೆ ಎಂದು ಬಲ್ಲೆ. ಆಗಲಿ. ಶಾಲೆಯಿಂದ, ಆಸ್ಪತ್ರೆಯಿಂದ ಸರ್ಕಾರಕ್ಕೆ ಲಾಭ ಬಂದದ್ದು ಯಾವಾಗ? ಹಳ್ಳಿಯ ಹುಡುಗಿಯನ್ನು ಎಂ.ಎ.ವರೆಗೆ ಓದಿಸಲು ಸರ್ಕಾರವೇ ಇಷ್ಟು ವರ್ಷ ಖರ್ಚು ಮಾಡಿದೆ. ಅವಳು ನಾಳೆ ಕೆಲಸಕ್ಕೆ ಹೋಗಲು ಬಸ್ಸಿಲ್ಲವೆಂದು ಮನೆಯಲ್ಲೇ ಕೂತರೆ ಆ ಖರ್ಚನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ?

ಈ ಪತ್ರಕ್ಕೆ ಸ್ವೀಕೃತಿ ಬೇಡ, ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಮೊಹರೂ ಬೇಡ. ಉತ್ತರವನ್ನು ವೇಳಾಪಟ್ಟಿಯ ರೂಪದಲ್ಲಿ ಕೊಡಿ: ಯಾವ ಊರಿಗೆ, ಯಾವ ತಾರೀಖಿನಿಂದ, ಬೆಳಿಗ್ಗೆ ಎಷ್ಟು ಗಂಟೆಗೆ.

ಇತಿ,
ನಗರ ಹೋಬಳಿಯ ಒಬ್ಬ ತಾಯಿ