ಗುಳಿಗೆ ಒಂದೇ, ಚೀಟಿ ಮಾತ್ರ ಬೇರೆ

ಶನಿವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ನಾನು ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಎರಡು ವರ್ಷ ಆಯ್ತು, ಅಕ್ಕ-ಭಾವ ಇಲ್ಲೇ ಹತ್ತು ವರ್ಷದಿಂದ ಇದ್ದಾರೆ. ಊಟ ಆದ ಮೇಲೆ ಅಕ್ಕ ಒಂದು ಕಾಗದ ತೋರಿಸಿದಳು. ಅವರ ಜಿ.ಪಿ., ಅಂದ್ರೆ ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ, ಮಗನ ಔಷಧಿಯನ್ನು ತಾವು ಬರೆದುಕೊಡೋದಿಲ್ಲ ಅಂತ ತಿಳಿಸಿದ್ದರು.

ಹುಡುಗನಿಗೆ ಎಂಟು ವರ್ಷ. ಎ.ಡಿ.ಎಚ್.ಡಿ. ಇದೆ. ಇಲ್ಲಿನ ಸರ್ಕಾರಿ ವ್ಯವಸ್ಥೆಯಾದ ಎನ್.ಎಚ್.ಎಸ್.ನಲ್ಲಿ ಬರೀ ಪರೀಕ್ಷೆಗೇ ಎಷ್ಟೋ ಕಡೆ ವರ್ಷಗಟ್ಟಲೆ ಕಾಯಬೇಕು. ಶಾಲೆಯಿಂದ ವಾರಕ್ಕೊಂದು ದೂರು ಬೇರೆ. ಸಾಕಾಗಿ ಖಾಸಗಿ ತಜ್ಞರ ಹತ್ತಿರ ಹೋದರು. ಅವರು ಮೀಥೈಲ್‌ಫೆನಿಡೇಟ್ ಶುರುಮಾಡಿ, ನಿಧಾನಕ್ಕೆ ಹೆಚ್ಚಿಸಿ, ಡೋಸ್ ಹದಕ್ಕೆ ತಂದರು. ಈಗ ಹುಡುಗ ಕೂತ ಕಡೆ ಕೂತು ಒಂದು ಪುಟ ಓದಿ ಮುಗಿಸ್ತಾನೆ!

ಇದು ನಿಯಂತ್ರಿತ ಔಷಧಿ. ಸಾಮಾನ್ಯವಾಗಿ ಒಂದು ಸಲಕ್ಕೆ 30 ದಿನಕ್ಕಿಂತ ಹೆಚ್ಚು ಕೊಡೋದಿಲ್ಲ. ಖಾಸಗಿಯಲ್ಲಾದ್ರೆ ಪ್ರತಿ ತಿಂಗಳೂ ಚೀಟಿಗೊಂದು ದುಡ್ಡು, ಗುಳಿಗೆಗೊಂದು ದುಡ್ಡು. ಅದೇ ಗುಳಿಗೆಯನ್ನ ಜಿ.ಪಿ. ಬರೆದರೆ 16ರೊಳಗಿನ ಮಕ್ಕಳಿಗೆ ಪುಕ್ಕಟೆ.

ಹೀಗೆ ದಾಟಿಸೋದಕ್ಕೆ 'ಶೇರ್ಡ್ ಕೇರ್' ಅಂತ ಒಪ್ಪಂದ ಇದೆ. ಡೋಸ್ ಹದಕ್ಕೆ ಬಂದ ಮೇಲೆ ಚೀಟಿ ಬರೆಯೋದು ಜಿ.ಪಿ., ವರ್ಷಕ್ಕೊಮ್ಮೆಯಾದ್ರೂ ನೋಡೋದು ತಜ್ಞರು. ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಲ್ಲೂ ಈ ಏರ್ಪಾಡು ಇದೆ. ಆದ್ರೆ ಜಿ.ಪಿ. ಒಪ್ಪಲೇಬೇಕು ಅಂತೇನಿಲ್ಲ.

ಜಿ.ಪಿ.ಯನ್ನ ಬೈಯೋದು ಸುಲಭ. ಆದ್ರೆ ಸಹಿ ಹಾಕಿದವರದ್ದೇ ಜವಾಬ್ದಾರಿ. ಎತ್ತರ, ಬಿ.ಪಿ., ನಾಡಿ 6 ತಿಂಗಳಿಗೊಮ್ಮೆ ನೋಡಬೇಕು, ಹತ್ತು ವರ್ಷದೊಳಗಿನವರ ತೂಕ 3 ತಿಂಗಳಿಗೊಮ್ಮೆ. ನಾಳೆ ಅಕ್ಕ ದುಡ್ಡು ಕಟ್ಟೋದು ನಿಲ್ಲಿಸಿದರೆ ತಜ್ಞರೂ ಇರೋದಿಲ್ಲ. ಆಗ ಏನಾದ್ರೂ ಏರುಪೇರಾದರೆ ಯಾರನ್ನ ಕೇಳೋದು? ಬೇರೆ ಕಂಪನಿ ಬರೆದ ಕೋಡನ್ನ ಸಪೋರ್ಟಿಗೆ ತಗೊಳ್ಳೋಕೆ ನಾನೂ ಹಿಂದೇಟು ಹಾಕಿದವನೇ.

ಆದ್ರೂ 'ಖಾಸಗಿ' ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಹಾಕೋದು ತಪ್ಪು ಅಂತ ನನ್ನ ಅಭಿಪ್ರಾಯ. ವರದಿ ಓದಲಿ, ತಜ್ಞರ ಅರ್ಹತೆ ನೋಡಲಿ, ಏನಾದ್ರೂ ಕಮ್ಮಿ ಇದ್ರೆ ಏನು ಕಮ್ಮಿ ಅಂತ ಹೇಳಲಿ. ಜಿ.ಪಿ.ಗಳಿಗೆ ಈ ಕೆಲಸಕ್ಕೆ ದುಡ್ಡನ್ನೂ, ಬೆನ್ನಿಗೊಬ್ಬ ತಜ್ಞರನ್ನೂ ಸರ್ಕಾರ ಕೊಡಲಿ.

ದುಡ್ಡು ಕೊಟ್ಟು ಸಾಲು ಮುರಿದವರಿಗೆ ಯಾಕೆ ಈ ಉಪಕಾರ ಅಂತ ನೀವು ಕೇಳಬಹುದು. ಅಕ್ಕನಿಗೂ ಆ ಅಳುಕಿದೆ. ಆದ್ರೆ ಆ ಸಾಲಿನಲ್ಲಿ ನಿಂತಿದ್ದು ಅವಳಲ್ಲ, ಒಂದು ಮಗು. ಅದರ ಎರಡನೇ ಕ್ಲಾಸು, ಮೂರನೇ ಕ್ಲಾಸು ಅದಕ್ಕಾಗಿ ಕಾಯೋದಿಲ್ಲವಲ್ಲ.

ಇದೇ ದಾರಿಯಲ್ಲಿ ಹೊರಟವರಿಗೆ ಎರಡು ಮಾತು. ಖಾಸಗಿಗೆ ದುಡ್ಡು ಕಟ್ಟೋ ಮೊದಲೇ ನಿಮ್ಮ ಜಿ.ಪಿ.ಯನ್ನ ಶೇರ್ಡ್ ಕೇರ್ ಬಗ್ಗೆ ಬರವಣಿಗೆಯಲ್ಲಿ ಕೇಳಿ. ಸರ್ಕಾರಿ ಸಾಲಿನಿಂದ ಮಗುವಿನ ಹೆಸರು ಮಾತ್ರ ತೆಗೆಸಬೇಡಿ. ಅಕ್ಕ ಎರಡೂ ಮಾಡಿರಲಿಲ್ಲ. ನಾನು ಹೊರಡೋವಾಗ ಡಬ್ಬಿಯಲ್ಲಿ ಇನ್ನೆಷ್ಟು ದಿನದ ಗುಳಿಗೆ ಇದೆ ಅಂತ ಎಣಿಸ್ತಾ ಇದ್ದಳು.