ಅಣ್ಣನದೊಂದು ಮತ, ತಮ್ಮನದೊಂದು ಮತ



ಬೀದರಿನಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ ಹಲಬರ್ಗಾ ಎಂಬ ಊರಿದೆ. ವಿಕಾರಾಬಾದ್–ಪರಳಿ ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ ಅದು. ಆ ಭಾಗದ ನಮ್ಮ ಒಂದು ವಿಶ್ವಾಸಿ ಕುಟುಂಬದಲ್ಲಿ ಇಬ್ಬರು ಅಣ್ಣತಮ್ಮಂದಿರು. ತಂದೆಯ ಹೊಲವನ್ನು ಹಂಚಿಕೊಂಡು ಸೋಯಾ, ತೊಗರಿ ಬೆಳೆಯುವವರು. ಒಂದೇ ಮನೆಯ ಜಪಸರ ಪ್ರಾರ್ಥನೆಯಲ್ಲಿ ಬೆಳೆದವರು. 2023ರ ಮೇ 10ರಂದು ವಿಧಾನಸಭೆಗೆ ಮತದಾನ ನಡೆದ ಬಳಿಕ ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತದ್ದನ್ನು ಬಹುಕಾಲ ನಾನು ಕಾಣಲಿಲ್ಲ. ಬಲಿಪೂಜೆಯಲ್ಲಿ ಪರಸ್ಪರ ಶಾಂತಿಯನ್ನು ಹಾರೈಸುವ ಘಳಿಗೆ ಬಂದಾಗ ಅಣ್ಣ ಬಲಕ್ಕೆ ತಿರುಗುತ್ತಿದ್ದ, ತಮ್ಮ ಎಡಕ್ಕೆ. ಪೀಠದ ಮುಂದೆ ನಿಂತವನಿಗೆ ಇಂಥವೆಲ್ಲ ಚೆನ್ನಾಗಿ ಕಾಣುತ್ತವೆ.

ಇಬ್ಬರೂ ಬೇರೆ ಬೇರೆ ದಿನ ನನ್ನಲ್ಲಿಗೆ ಬಂದರು. "ಅಂವ ರೊಕ್ಕಕ್ಕ ಬಿದ್ದಾನ್ರಿ ಫಾದರ್, ಜರಾ ಬುದ್ಧಿ ಹೇಳ್ರಿ" ಎಂದ ಅಣ್ಣ. "ಅಣ್ಣಗ ತಿಳಿವಳಿಕಿ ಇಲ್ರಿ, ಟಿವಿ ನೋಡಿ ಕೆಟ್ಟಾನ" ಎಂದ ತಮ್ಮ. ಒಬ್ಬನೂ "ಅವನು ಯಾಕೆ ಹಾಗೆ ಮಾಡಿದ ಅಂತ ಕೇಳಿ ನೋಡ್ರಿ" ಎನ್ನಲಿಲ್ಲ. ಈ ಲೇಖನವನ್ನು ಬರೆಯಲು ಕಾರಣ ಆ ಕೇಳದೇ ಉಳಿದ ಪ್ರಶ್ನೆ.

ನಮ್ಮ ನುಡಿಯಲ್ಲಿ 'ಮತ' ಎಂಬ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಧರ್ಮವೂ ಮತ, ಅಭಿಪ್ರಾಯವೂ ಮತ, ಮತಗಟ್ಟೆಯಲ್ಲಿ ನಾವು ಚಲಾಯಿಸುವುದೂ ಮತ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊತ್ತುಕೊಂಡಿರುವುದರಿಂದಲೇ ಒಬ್ಬನು ನಮ್ಮ ಪಕ್ಷಕ್ಕೆ ಮತ ಹಾಕಲಿಲ್ಲವೆಂದ ಕೂಡಲೇ ನಮ್ಮ ವಿಶ್ವಾಸಕ್ಕೇ ಎರಡು ಬಗೆದನೆಂದು ನಮಗೆ ತೋರುತ್ತದೆ. ಆಗ ನಾವು ಮೂರು ಸುಲಭದ ಉತ್ತರಗಳನ್ನು ಕೈಗೆತ್ತಿಕೊಳ್ಳುತ್ತೇವೆ: ಅವನಿಗೆ ತಿಳಿಯದು, ಅವನು ಮಾರಿಕೊಂಡ, ಅವನ ಮನಸ್ಸೇ ಕೆಟ್ಟದ್ದು. ಈ ಮೂರೂ ಉತ್ತರಗಳು ಸುಳ್ಳೆಂದು ನಾನು ವಾದಿಸುತ್ತೇನೆ. ಹಣ ಹಂಚುವುದು ನಡೆಯುತ್ತದೆ, ನಾನು ಕುರುಡನಲ್ಲ. ಆದರೆ ಎರಡೂ ಕಡೆಯ ಹಣ ಪಡೆದು ತನಗೆ ಬೇಕಾದವರಿಗೇ ಮತ ಹಾಕುವ ಜಾಣರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿಯೆಂಬುದು ನಿಮಗೂ ಗೊತ್ತು, ಹಂಚಿದವರಿಗೂ ಗೊತ್ತು.

ನಮ್ಮ ಜಿಲ್ಲೆಯ ಫಲಿತಾಂಶಗಳನ್ನೇ ನೋಡಿರಿ. 2018ರಲ್ಲಿ ಬೀದರ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಕಾಂಗ್ರೆಸ್ಸಿಗೆ, ಜಾತ್ಯತೀತ ಜನತಾದಳಕ್ಕೊಂದು, ಭಾರತೀಯ ಜನತಾ ಪಕ್ಷಕ್ಕೊಂದು ದಕ್ಕಿದವು. ಮರುವರ್ಷ, 2019ರಲ್ಲಿ, ಬೀದರ ಲೋಕಸಭಾ ಸ್ಥಾನ ಭಾಜಪಕ್ಕೆ ಹೋಯಿತು. 2023ರಲ್ಲಿ ರಾಜ್ಯವೆಲ್ಲ 135 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಾಗ ನಮ್ಮ ಜಿಲ್ಲೆ ಆರರಲ್ಲಿ ನಾಲ್ಕನ್ನು ಭಾಜಪಕ್ಕೆ ಕೊಟ್ಟಿತು. ಮತ್ತೆ 2024ರ ಮೇ 7ರಂದು ಮತದಾನ ಮಾಡಿ ಲೋಕಸಭೆಗೆ ಕಾಂಗ್ರೆಸ್ಸನ್ನು ಆರಿಸಿತು. ಆರು ವರ್ಷಗಳಲ್ಲಿ ನಾಲ್ಕು ಸಲ ಮತಗಟ್ಟೆಗೆ ಹೋದವರು ಬಹುಮಟ್ಟಿಗೆ ಅದೇ ಜನ. ಮೂಢರಾದರೆ ಯಾವ ವರ್ಷ ಮೂಢರು? ದುಷ್ಟರಾದರೆ ಯಾವ ವರ್ಷ ಒಳ್ಳೆಯವರಾದರು? ಗೆದ್ದ ವರ್ಷ ಜನತೆಯನ್ನು ಪ್ರಬುದ್ಧರೆಂದೂ ಸೋತ ವರ್ಷ ಮಂಕರೆಂದೂ ಕರೆಯುವ ನಾಯಕರ ಮಾತನ್ನು ನಾವು ಗುಡಿಯ ಅಂಗಳಕ್ಕೂ ತಂದಿದ್ದೇವೆ.

ಒಬ್ಬ ಮನುಷ್ಯ ಮತ ಚಲಾಯಿಸುವಾಗ ಅವನ ಜೊತೆಗೆ ಅವನ ಮನೆಯ ನೆನಪೂ ಒಳಗೆ ಹೋಗುತ್ತದೆ. ಬೀದರಿನಲ್ಲಿ ಈ ನೆನಪಿನ ಭಾರ ಹೆಚ್ಚು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಆ ಮನೆಗಳ ಮೊಮ್ಮಕ್ಕಳಿಗೆ ಅದು ಪಠ್ಯಪುಸ್ತಕದ ಪಾಠವಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿದಾಗ ಈ ಸೀಮೆಯ ಮುಸಲ್ಮಾನರ ಮೇಲೆ ಪ್ರತೀಕಾರದ ಕತ್ತಿ ಎರಗಿತು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ತಂಡ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡಗಳ ಜೊತೆಗೆ ಬೀದರನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ; ಆದರೆ ನೊಂದ ಮನೆಗಳಿಗೆ ವರದಿಯ ಅಗತ್ಯವೂ ಇರಲಿಲ್ಲ. ಒಂದು ಓಣಿಯಲ್ಲಿ ಮೇ ತಿಂಗಳನ್ನು ಹೇಳಿಕೊಡುವ ಅಜ್ಜಿ, ಪಕ್ಕದ ಓಣಿಯಲ್ಲಿ ಸೆಪ್ಟೆಂಬರನ್ನು ಹೇಳಿಕೊಡುವ ಅಜ್ಜಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬಳ ನೆನಪನ್ನು ಮಾತ್ರ ಎತ್ತಿ ಆಡಿಸುವ ರಾಜಕಾರಣಿ ಸುಳ್ಳು ಹೇಳುತ್ತಾನೆ. ಅರ್ಧ ಸತ್ಯದಿಂದ ಕಟ್ಟಿದ್ದರಿಂದಲೇ ಆ ಸುಳ್ಳಿಗೆ ಅಷ್ಟು ಬಲ.

ಇನ್ನು ಲಿಂಗಾಯತ ಬಾಂಧವರ ವಿಷಯ. 2017ರ ಜುಲೈ 19ರಂದು ಬೀದರಿನಲ್ಲಿ ಸ್ವತಂತ್ರ ಧರ್ಮದ ಮಾನ್ಯತೆ ಕೋರಿ ಬೃಹತ್ ಸಮಾವೇಶ ನಡೆಯಿತು. 2018ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯನ್ನು ರಾಜ್ಯ ಸಚಿವ ಸಂಪುಟ ಒಪ್ಪಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಅದನ್ನು ಮನ್ನಿಸಲಿಲ್ಲ. ಒಂದೇ ಮನೆಯೊಳಗೆ 'ವೀರಶೈವ ಬೇರೆ, ಲಿಂಗಾಯತ ಬೇರೆ' ಎನ್ನುವವರೂ 'ಎರಡೂ ಒಂದೇ' ಎನ್ನುವವರೂ ಊಟದ ಪಂಕ್ತಿಯಲ್ಲಿ ಎದುರುಬದುರಾದರು. ಮೇ ತಿಂಗಳ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಾಗ 'ಧರ್ಮಕ್ಕೆ ಕೈಹಾಕಿ ಸುಟ್ಟುಕೊಂಡರು' ಎಂದು ಪಂಡಿತರು ಷರಾ ಬರೆದರು. ಆದರೆ ಆ ಸಮಾವೇಶ ನಡೆದ ಬೀದರ ಜಿಲ್ಲೆಯಲ್ಲೇ, ಹೇಳಿದೆನಲ್ಲ, ಆರರಲ್ಲಿ ನಾಲ್ಕು ಅದೇ ಪಕ್ಷಕ್ಕೆ ಹೋದವು. ಧರ್ಮದ ಪ್ರಶ್ನೆಯಲ್ಲಿ ಒಡೆದವರು ಮತದ ಪ್ರಶ್ನೆಯಲ್ಲಿ ಅದೇ ಗೆರೆಯಲ್ಲಿ ಒಡೆಯಲಿಲ್ಲ ಎಂದು ನನಗೆ ತೋರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ಧರ್ಮದ ಕಲಮಿನಲ್ಲಿ ಏನು ಬರೆಸಬೇಕೆಂದು ಅದೇ ಚರ್ಚೆ ಮರಳಿ ಬಂತು.

ಆಗ ನಮ್ಮವರು ಕೆಲವರು ಅವರನ್ನು ನೋಡಿ ನಕ್ಕರು. ನಗುವ ಹಕ್ಕು ನಮಗಿದೆಯೇ? ನಮ್ಮ ಧರ್ಮದ ಕಲಮು ಅಷ್ಟು ಸರಳವೇ?

ಬೀದರ ಜಿಲ್ಲೆಯ ಕ್ರೈಸ್ತರಲ್ಲಿ ಬಹುಪಾಲು ದಲಿತ ಮೂಲದವರು; ಮೆಥೊಡಿಸ್ಟ್ ಬಂಧುಗಳ ಸೇವೆಯಿಂದ ಮೊದಲು ಶುಭಸಂದೇಶ ಕೇಳಿದ ಕೇರಿಗಳೇ ಹೆಚ್ಚು. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗಷ್ಟೇ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗುಳಿದರು. 2022ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು. ಶಿಲುಬೆಯ ಗುರುತು ಹಾಕಿದ ಮಾತ್ರಕ್ಕೆ ಊರಿನ ಬಾವಿಯ ಕಟ್ಟೆಯಲ್ಲಿ ಜಾತಿ ಅಳಿಯಲಿಲ್ಲ, ಕಾಗದದಲ್ಲಿ ಮಾತ್ರ ಅಳಿಯಿತು. ಹೀಗಾಗಿ ಒಂದೇ ಕುಟುಂಬದಲ್ಲಿ ಒಬ್ಬನ ಹೆಸರು ದೇವಾಲಯದ ದಫ್ತರಿನಲ್ಲಿ ಒಂದು ಬಗೆ, ತಹಶೀಲ ಕಚೇರಿಯಲ್ಲಿ ಇನ್ನೊಂದು ಬಗೆ ಇರುವುದನ್ನು ನಾವು ಗುರುಗಳು ಬಲ್ಲೆವು. ಬಲ್ಲೆವೆಂದು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಈಗ ಆ ಇಬ್ಬರು ಅಣ್ಣತಮ್ಮಂದಿರ ಬಳಿಗೆ ಹಿಂತಿರುಗುತ್ತೇನೆ. ನಾನು ಕೊನೆಗೂ ಕೇಳಿದೆ. ತಮ್ಮನ ಮನಸ್ಸಿನಲ್ಲಿದ್ದದ್ದು 2022ರ ಮತಾಂತರ ವಿರೋಧಿ ಕಾಯಿದೆ. ಮತಾಂತರವಾಗುವವನು ಮೂವತ್ತು ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಆ ಕಾಯಿದೆ ಬಂದ ಮೇಲೆ ಮನೆಯಲ್ಲಿ ನಾಲ್ಕು ಜನ ಕೂಡಿ ಪ್ರಾರ್ಥಿಸಲೂ ಅವನ ಹೆಂಡತಿ ಅಂಜುತ್ತಿದ್ದಳು. 2023ರ ಜೂನಿನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿದೆಯೆಂಬ ಸುದ್ದಿ ಓದಿ ಆಕೆ ಅತ್ತಳಂತೆ. ಅಣ್ಣನ ಮನಸ್ಸಿನಲ್ಲಿದ್ದದ್ದು ಮಗಳ ನರ್ಸಿಂಗ್ ಸೀಟು, ಜಾತಿ ಪ್ರಮಾಣಪತ್ರ, ಜೊತೆಗೆ ತನ್ನ ಕಷ್ಟಕಾಲದಲ್ಲಿ ಮಧ್ಯರಾತ್ರಿ ಆಸ್ಪತ್ರೆಗೆ ಜೀಪು ಕಳುಹಿಸಿದ ಒಬ್ಬ ಸ್ಥಳೀಯ ಮುಖಂಡ. ಆ ಮುಖಂಡನ ಪಕ್ಷ ಯಾವ ಕಾಯಿದೆ ತಂದಿತೆಂಬುದಕ್ಕಿಂತ ಆ ರಾತ್ರಿಯ ಜೀಪು ಅವನಿಗೆ ದೊಡ್ಡದು. ಇಬ್ಬರೂ ಮತ ಹಾಕಿದ್ದು ಮನೆಯ ಹೆಣ್ಣುಮಕ್ಕಳಿಗಾಗಿ. ಅಣ್ಣ ತಿಳಿಗೇಡಿಯಲ್ಲ, ತಮ್ಮ ಹಣಕ್ಕೆ ಬಿದ್ದವನಲ್ಲ.

ಮನುಷ್ಯ ಮೊದಲು ಅನುಭವಿಸಿ ನಿರ್ಧರಿಸುತ್ತಾನೆ, ಕಾರಣಗಳನ್ನು ಆಮೇಲೆ ಹುಡುಕುತ್ತಾನೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2012ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಮನಸ್ಸು ಆನೆ, ತರ್ಕ ಅದರ ಮೇಲೆ ಕುಳಿತ ಮಾವುತ ಎಂಬುದು ಅವರ ಹೋಲಿಕೆ. ಬಹಳಷ್ಟು ನಿಜ. ಆದರೆ ನಮ್ಮ ದಸರೆಯ ನಾಡಿನವರಿಗೆ ಒಂದು ವಿಷಯ ಗೊತ್ತು: ಮಾವುತ ದಿನವೂ ಆನೆಯ ಜೊತೆ ಬಾಳಿದರೆ ಆನೆ ಅವನ ಮಾತು ಕೇಳುತ್ತದೆ. ಚುನಾವಣೆಗೆ ಹತ್ತು ದಿನ ಮುಂಚೆ ಅಂಕುಶ ಹಿಡಿದು ಬಂದವನ ಮಾತನ್ನು ಕೇಳುವುದಿಲ್ಲ.

ಇದನ್ನು ನಾನು ಮೊದಲು ನನ್ನಂಥ ಯಾಜಕರಿಗೇ ಹೇಳಬೇಕು. ಹಿಂದೊಮ್ಮೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಮತದಾನಕ್ಕೆ ಮುಂಚಿನ ಭಾನುವಾರ ನಾನು ವಿಶ್ವಾಸಿಗಳ ಬಿನ್ನಹಗಳಲ್ಲಿ ಒಂದು ಪ್ರಾರ್ಥನೆ ಸೇರಿಸಿದೆ. ಯಾವ ಪಕ್ಷದ ಹೆಸರನ್ನೂ ಎತ್ತಲಿಲ್ಲ. ಎತ್ತದೆಯೇ ಎಲ್ಲರಿಗೂ ಅರ್ಥವಾಗುವಂತೆ ಬರೆದಿದ್ದೆ. ಜಾಣತನವೆಂದುಕೊಂಡಿದ್ದೆ. ಮುಂದಿನ ವಾರದಿಂದ ಒಂದು ಕುಟುಂಬ ಬರುವುದನ್ನು ನಿಲ್ಲಿಸಿತು. ಅವರ ಮನೆಗೆ ಹೋದಾಗ ಯಜಮಾನರು ನನಗೆ ಚಹಾ ಕೊಟ್ಟು, "ದೇವರ ಹತ್ತಿರ ನೀವು ನಮ್ಮ ಮೇಲೆ ದೂರು ಹೇಳಿದಿರಿ, ಫಾದರ್" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಧರ್ಮಸಭೆಯ ಕಾನೂನು ಯಾಜಕರು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದೆಂದು ಸಾಮಾನ್ಯ ನಿಯಮವಾಗಿ ಹೇಳುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತಾದ ತನ್ನ ಸಂವಿಧಾನದಲ್ಲಿ ಇನ್ನೂ ಮುಂದೆ ಹೋಯಿತು: ಒಂದೇ ವಿಷಯದಲ್ಲಿ ಸಮಾನ ಪ್ರಾಮಾಣಿಕತೆಯುಳ್ಳ ವಿಶ್ವಾಸಿಗಳು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು, ತನ್ನ ಅಭಿಪ್ರಾಯಕ್ಕಷ್ಟೇ ಧರ್ಮಸಭೆಯ ಅಧಿಕಾರವಿದೆಯೆಂದು ಯಾರೂ ಹೇಳಿಕೊಳ್ಳಕೂಡದು ಎಂದಿತು. ದೇಶದ ಕಾನೂನಿನಲ್ಲಿಯೂ, 1951ರ ಜನಪ್ರಾತಿನಿಧ್ಯ ಕಾಯಿದೆಯ 123ನೇ ಸೆಕ್ಷನ್ನಿನಂತೆ, ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಅಭ್ಯರ್ಥಿಯು ಮತ ಕೇಳುವುದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರೆತ್ತಿ ಕೇಳಿದರೂ ಅದು ತಪ್ಪೇ ಎಂದು ತೀರ್ಪಿತ್ತಿತು. ಗಮನಿಸಿರಿ, ಆ ನ್ಯಾಯಪೀಠವೂ ಒಮ್ಮತಕ್ಕೆ ಬರಲಿಲ್ಲ. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಮರುದಿನವೂ ಅವರು ಒಂದೇ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿಯೇ ಉಳಿದರು.

"ಹಾಗಾದರೆ ಎಲ್ಲವೂ ಸರಿಯೇ, ಫಾದರ್? ನಮ್ಮನ್ನು ಹೊಡೆಯಲು ಬಂದವನಿಗೂ ಹಾರ ಹಾಕಬೇಕೆ?" ಎಂದು ಯುವಕರು ಕೇಳುತ್ತಾರೆ. ಖಂಡಿತ ಬೇಡ. ಪ್ರಾರ್ಥಿಸುತ್ತಿದ್ದವರನ್ನು ಹೊಡೆದರೆ, ಯಾರದೋ ಹೆಸರು ನೋಡಿ ಅಂಗಡಿ ಮುಚ್ಚಿಸಿದರೆ, ಕೇರಿಯ ಹುಡುಗನನ್ನು ಗುಡಿಯ ಮೆಟ್ಟಿಲಿನಿಂದ ಇಳಿಸಿದರೆ ಧರ್ಮಸಭೆ ಬಾಯಿ ಬಿಡಲೇಬೇಕು. ಸುಮ್ಮನಿದ್ದರೆ ನಾವು ಸಾಕ್ಷಿಗಳಲ್ಲ, ಪಾಲುಗಾರರು. ಅದು ನಮ್ಮವರಿಗೆ ಆದಾಗ ಮಾತ್ರವಲ್ಲ, ಮುಸಲ್ಮಾನನಿಗೆ ಆದಾಗಲೂ, ಹಿಂದೂವಿಗೆ ಆದಾಗಲೂ. ನಮ್ಮ ಮೇಲಾದ ಅನ್ಯಾಯಕ್ಕೆ ಮೆರವಣಿಗೆ ತೆಗೆದು ಪಕ್ಕದ ಓಣಿಯದಕ್ಕೆ ಕಿಟಕಿ ಮುಚ್ಚಿಕೊಳ್ಳುವ ಧರ್ಮಕೇಂದ್ರದ ಮಾತಿಗೆ ಯಾರೂ ಬೆಲೆ ಕೊಡರು. ಕೃತ್ಯವನ್ನು ಖಂಡಿಸಿರಿ, ಆಜ್ಞೆ ಕೊಟ್ಟವನ ಹೆಸರು ಹಿಡಿದು ಖಂಡಿಸಿರಿ. ಆದರೆ ಆ ಪಕ್ಷದ ಗುಂಡಿಯನ್ನು ಒತ್ತಿದ ನಿಮ್ಮ ಅಣ್ಣನನ್ನು, ಭಾವನನ್ನು, ಸೋದರತ್ತೆಯನ್ನು ಹೊಡೆದವರ ಸಾಲಿನಲ್ಲಿ ನಿಲ್ಲಿಸಬೇಡಿರಿ. ಏಕೆ ಒತ್ತಿದೆಯೆಂದು ಮೊದಲು ಕೇಳಿರಿ. ಕೇಳಿದ ಮೇಲೆ, ಆ ಗುಂಡಿ ಒತ್ತಿದ್ದರಿಂದ ನನ್ನ ಮನೆಗೆ ಏನಾಯಿತೆಂಬುದನ್ನೂ ಎದುರಿಗೆ ಕೂತು ಹೇಳಿರಿ. ವಾಟ್ಸಾಪಿನಲ್ಲಿ ಬೇಡ.

ಪ್ರಭು ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಆರಿಸಿಕೊಂಡಾಗ ಅವರಲ್ಲಿ ಮತ್ತಾಯನಿದ್ದ, ಆಳುವವರ ಸುಂಕ ವಸೂಲಿ ಮಾಡುತ್ತಿದ್ದವನು. ಸಿಮೋನನೂ ಇದ್ದ, ದೇಶಾಭಿಮಾನಿ ಎಂಬ ಅಡ್ಡಹೆಸರಿನವನು. ಒಬ್ಬ ರೋಮಿನ ವ್ಯವಸ್ಥೆಯಲ್ಲಿ ಅನ್ನ ಕಂಡವನು. ಇನ್ನೊಬ್ಬನ ಹೆಸರಿಗಂಟಿದ್ದ ಆ ಮಾತೇ ಅಂಥ ವ್ಯವಸ್ಥೆಗೆ ಎದುರಾದದ್ದು. ಇವರು ಆಮೇಲೆ ಒಂದೇ ಅಭಿಪ್ರಾಯಕ್ಕೆ ಬಂದರೆಂದು ಶುಭಸಂದೇಶದಲ್ಲಿ ಎಲ್ಲಿಯೂ ಬರೆದಿಲ್ಲ. ಒಂದೇ ಮೇಜಿಗೆ ಕುಳಿತರೆಂದು ಬರೆದಿದೆ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಮುಖಾಮುಖಿಯಾಗಿ ಎದುರಿಸಿದ್ದೂ ಯಾರು ಯಾರೊಂದಿಗೆ ಕುಳಿತು ಉಣ್ಣಬೇಕೆಂಬ ಮಾತಿಗೇ. ಪಂಕ್ತಿಭೇದ ನಮಗೆ ಹೊಸತೂ ಅಲ್ಲ, ನಮ್ಮ ಊರುಗಳಿಗೆ ಅಪರಿಚಿತವೂ ಅಲ್ಲ.

ಹೋದ ವರ್ಷ ಆ ಅಣ್ಣತಮ್ಮಂದಿರ ತಾಯಿಯ ವರ್ಷಾಬ್ದಿಕಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಬಂದು, ಬೇರೆ ಬೇರೆ ದಿನ ಬಲಿಪೂಜೆ ಬರೆಸಲು ಹೊರಟರು. ನಾನು ಒಂದೇ ದಿನ ಬರೆದುಕೊಂಡು, ಇಬ್ಬರಿಗೂ ಅದನ್ನೇ ಹೇಳಿ ಕಳುಹಿಸಿದೆ. ಸಿಟ್ಟಾದರು, ಆದರೂ ಬಂದರು. ಪ್ರಬೋಧನೆಯಲ್ಲಿ ನಾನು ಚುನಾವಣೆಯ ಸುದ್ದಿಯೆತ್ತದೆ ಅವರ ತಾಯಿ ಕಟ್ಟಿಗೆಯ ಒಲೆಯ ಮುಂದೆ ಜಪಸರ ಹೇಳುತ್ತಿದ್ದುದನ್ನಷ್ಟೇ ನೆನೆದೆ. ಪೂಜೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತಿದ್ದರು. ಆಮೇಲೆ ತಮ್ಮ ಕೇಳಿದ:

"ತೊಗರಿ ಮಾರಿದೇನಣ್ಣ?"

"ಇಲ್ಲೋ, ರೇಟ್ ಇನ್ನಾ ಏರ್‍ತದಂತ ತಡದೀನಿ. ನಿಂದು?"

ನಾನು ಒಳಗೆ ಹೋಗಿ ಪೂಜಾವಸ್ತ್ರ ಕಳಚಿಟ್ಟೆ. ಹೊರಗೆ ಬಂದಾಗಲೂ ಅವರ ಮಾತು ತೊಗರಿಯ ಮೇಲೆಯೇ ನಡೆದಿತ್ತು.