ಫಲಕ್‌ನುಮಾ ಊಟದ ಬಿಲ್ಲು ಯಾರು ಕಟ್ಟಿದ್ದು?

ಮೊನ್ನೆ ಗುಲ್ಬರ್ಗಾ ಕಡೆಯಿಂದ ನಮ್ಮ ದೊಡ್ಡಪ್ಪ ಬಂದಿದ್ದರು. (ಕಲಬುರಗಿ ಅನ್ನಬೇಕು, ಗೊತ್ತು. ಮೂವತ್ತು ವರ್ಷದಿಂದ ಹೈದರಾಬಾದಿನಲ್ಲಿರುವ ನನ್ನ ಬಾಯಿಗೆ ಹಳೇ ಹೆಸರೇ ಬರುತ್ತೆ.) ಚಾರ್‌ಮಿನಾರ್ ಆಯ್ತು, ಸಾಲಾರ್‌ಜಂಗ್ ಆಯ್ತು. ಸಂಜೆ ಫಲಕ್‌ನುಮಾ ಕಡೆ ಹೋದಾಗ ಗುಡ್ಡದ ಮೇಲಿನ ಅರಮನೆ ನೋಡಿ ಕೇಳಿದರು:

"ತಮ್ಮಾ, ಒಳಗ ಬಿಡ್ತಾರೇನು?"

"ಹಂಗೆಲ್ಲ ಬಿಡಲ್ಲ ದೊಡ್ಡಪ್ಪ. ಈಗದು ತಾಜ್ ಹೋಟ್ಲು. ರೂಮು ಹಿಡಿದಿರಬೇಕು, ಇಲ್ಲಾ ಊಟಕ್ಕೋ ಚಹಾಕ್ಕೋ ಮೊದಲೇ ಬುಕ್ ಮಾಡಿರಬೇಕು."

"ಊಟಕ್ಕ ಎಷ್ಟು?"

ಅಂದಾಜು ಹೇಳಿದೆ. ದೊಡ್ಡಪ್ಪ ಹೌಹಾರಲಿಲ್ಲ, ನಕ್ಕರು. "ಹಂಗಾದ್ರ ನಮ್ಮಪ್ಪ ಆ ರೊಕ್ಕ ಯಾವಾಗೋ ಕಟ್ಟ್ಯಾನ ಬಿಡು."

ಅದು ಬರೀ ತಮಾಷೆ ಅಲ್ಲ. ಫಲಕ್‌ನುಮಾ ಕಟ್ಟಿಸಿದ್ದು ನಿಜಾಮರಲ್ಲ. ಪೈಗಾ ಮನೆತನದ ನವಾಬ್ ವಿಕಾರ್-ಉಲ್-ಉಮ್ರಾ, ಮುಂದೆ ಹೈದರಾಬಾದಿನ ದಿವಾನರೂ ಆದವರು. 1884ರಲ್ಲಿ ಅಡಿಗಲ್ಲು ಬಿತ್ತು, ಕಟ್ಟಡ ಮುಗಿಯೋಕೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಇಟಲಿಯ ಅಮೃತಶಿಲೆ, 101 ಜನ ಒಟ್ಟಿಗೆ ಕೂತು ಉಣ್ಣುವ ಮೇಜು. ಖರ್ಚು ಮೈಮೇಲೆ ಬಂತು, ಕೊನೆಗೆ ಅರಮನೆ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಪಾಲಾಯ್ತು. ಈ ಕಥೆಯನ್ನು ಎಲ್ಲರೂ ಬಾಯಿ ಚಪ್ಪರಿಸಿಕೊಂಡು ಹೇಳ್ತಾರೆ. ಆ ದುಡ್ಡು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಹೇಳಲ್ಲ.

ಪೈಗಾದವರು ನಿಜಾಮರಿಗೆ ಸೈನ್ಯ ಸಾಕಿಕೊಡಬೇಕಿತ್ತು. ಅದಕ್ಕೆ ಬದಲಾಗಿ ಜಹಗೀರು. ಅಲ್ಲಿ ಕಂದಾಯ ಎತ್ತೋರೂ ಅವರೇ, ಪೊಲೀಸೂ ಅವರದ್ದೇ, ಕೋರ್ಟೂ ಅವರದ್ದೇ. ಬೀದರ್, ಗುಲ್ಬರ್ಗಾ ಕಡೆಯ ಎಷ್ಟೋ ಕನ್ನಡದ ಹಳ್ಳಿಗಳು ಈ ಜಹಗೀರುಗಳ ಒಳಗಿದ್ದವು. ನಮ್ಮ ದೊಡ್ಡಪ್ಪನ ಊರೂ ಅದರಲ್ಲೊಂದು. ಜಹಗೀರುದಾರಿಕೆ ರದ್ದಾಗಿದ್ದು 1949ರಲ್ಲಿ. ಅಲ್ಲಿತನಕ ಮಳೆ ಬರಲಿ ಬಿಡಲಿ, ಜೋಳ ಬೆಳೆದವನು ಕೊಡಬೇಕಾದ್ದನ್ನು ಕೊಡಲೇಬೇಕು. ನಾವು ಇಲ್ಲಿಗೆ ವಲಸೆ ಬಂದೋರು ಅಂದ್ಕೋತೀವಿ. ನಮ್ಮ ಕಂದಾಯ ನಮಗಿಂತ ಮುಂಚೆಯೇ ಇಲ್ಲಿಗೆ ವಲಸೆ ಬಂದಿತ್ತು ಸ್ವಾಮಿ!

"ತಾಜ್‌ನವರು ಬರದಿದ್ರೆ ಅರಮನೆ ಬಿದ್ದೇ ಹೋಗ್ತಿತ್ತು" ಅಂತ ನೀವು ಅನ್ನಬಹುದು. ಒಪ್ಪಿದೆ. ದಶಕಗಟ್ಟಲೆ ಬೀಗ ಹಾಕಿದ್ದ ಮನೆ ಅದು. ರಾಜಕುಮಾರಿ ಎಸ್ರಾ ಮುಂದೆ ನಿಂತು ವರ್ಷಗಟ್ಟಲೆ ದುರಸ್ತಿ ಮಾಡಿಸಿದರು, 2010ರಲ್ಲಿ ಹೋಟೆಲ್ ಶುರುವಾಯ್ತು. ಕೆಲಸ ಚೆನ್ನಾಗೇ ಆಗಿದೆ. ಅದು ಖಾಸಗಿ ಆಸ್ತಿ, ಹೋಟೆಲ್ ಅಂದಮೇಲೆ ಲಾಭ ನೋಡಲೇಬೇಕು, ಅದೂ ಸರಿ. ಆದರೆ "ಉಳಿಸಿದೆವು" ಅನ್ನುವಾಗ ಯಾರಿಗಾಗಿ ಅನ್ನೋ ಪ್ರಶ್ನೆ ಏಳಲ್ವೇ? 2017ರಲ್ಲಿ ಆ ಮೇಜಿನ ಮೇಲೆ ಇವಾಂಕಾ ಟ್ರಂಪ್‌ಗೆ ಔತಣ ಬಡಿಸಿದರು. ಕಂದಾಯ ಕಟ್ಟಿದವನ ಮೊಮ್ಮಗ ಗುಡ್ಡದ ಕೆಳಗೆ ನಿಂತು ನೋಡಬೇಕು.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಇದೇ ಊರಿನ ಚೌಮಹಲ್ಲಾ ನೋಡಿ. ಅದೂ ನಿಜಾಮರ ಮನೆಯದೇ, ಅದರ ದುರಸ್ತಿಗೂ ಎಸ್ರಾ ಅವರೇ ನಿಂತದ್ದು. ಟಿಕೆಟ್ ತಗೊಂಡು ಯಾರು ಬೇಕಾದ್ರೂ ಒಳಗೆ ಹೋಗಬಹುದು. ದೂರದ ಐರ್ಲೆಂಡ್ ನೋಡಿ. ಗೇಣಿದಾರರ ದುಡಿಮೆಯಿಂದ ಎದ್ದ ಜಮೀನ್ದಾರರ ದೊಡ್ಡ ಮನೆಗಳು ಅಲ್ಲೂ ಇವೆ. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬೆಂಕಿ ಬಿತ್ತು, ಉಳಿದವುಗಳಲ್ಲಿ ಕೆಲವು ಇಂದು ಹೋಟೆಲ್. ಅಲ್ಲಿಯ ತೆರಿಗೆ ಕಾನೂನಿನಲ್ಲಿ ಒಂದು ಏರ್ಪಾಡಿದೆ: ಇಂಥ ಹಳೇ ಮನೆಯನ್ನು ವರ್ಷಕ್ಕೆ ಕನಿಷ್ಠ 60 ದಿನ ಜನರಿಗೆ ತೆರೆದಿಟ್ಟರೆ, ಮಾಲೀಕನಿಗೆ ದುರಸ್ತಿ ಖರ್ಚಿನ ಮೇಲೆ ತೆರಿಗೆ ರಿಯಾಯಿತಿ. ಅವನ ಆಸ್ತಿ ಅವನದೇ, ಬಾಗಿಲು ಮಾತ್ರ ಜನಕ್ಕೂ ತೆರೆಯುತ್ತೆ. ನಮ್ಮ ಸರ್ಕಾರಗಳಿಗೆ ಇಷ್ಟು ಹೊಳೆಯೋದು ಕಷ್ಟವೇ?

ನಾನು ಕೇಳೋದು ಎರಡೇ. ತಿಂಗಳಿಗೊಂದು ದಿನವಾದ್ರೂ ಊಟ-ಚಹಾದ ಗೊಡವೆಯಿಲ್ಲದೆ, ಸಾಧಾರಣ ಟಿಕೆಟ್‌ನಲ್ಲಿ ಜನರನ್ನು ಒಳಗೆ ಬಿಡಲಿ. ಆ 101 ಜನರ ಮೇಜಿನ ಪಕ್ಕ ಒಂದು ಫಲಕ ಇರಲಿ: ಈ ವೈಭವದ ಹಿಂದಿನ ಕಂದಾಯ ಯಾವ ಯಾವ ಸೀಮೆಯದು ಅಂತ ತೆಲುಗು, ಉರ್ದು, ಮರಾಠಿ, ಕನ್ನಡದಲ್ಲಿ ಬರೆದಿರಲಿ.

ಇನ್ನು ನಮ್ಮವರಿಗೂ ಒಂದು ಮಾತು. ಮದುವೆ ವಾರ್ಷಿಕೋತ್ಸವಕ್ಕೆ ಅಲ್ಲಿ ಊಟ ಮಾಡಿ, ಕುದುರೆ ಗಾಡಿಯಲ್ಲಿ ಕೂತು "ರಾಯಲ್ ಫೀಲಿಂಗ್" ಅಂತ ಫೋಟೋ ಹಾಕ್ತೀರಲ್ಲ, ಹಾಕಿ. ನಿಮ್ಮ ದುಡ್ಡು, ನಿಮ್ಮ ಖುಷಿ. ಆದರೆ ಫೋಟೋ ಕೆಳಗೆ ನಿಮ್ಮ ಅಜ್ಜನ ಊರಿನ ಹೆಸರನ್ನೂ ಬರೀರಿ. ಆ ಮನೆಗೆ ನೀವು ಬರೀ ಅತಿಥಿಗಳಲ್ಲ.

ದೊಡ್ಡಪ್ಪ ಮರುದಿನ ಊರಿಗೆ ಹೊರಟರು. ರೈಲು ಹತ್ತೋವಾಗ ಕೇಳಿದ್ದಿಷ್ಟೇ: "ಮುಂದಿನ ಸಲ ಬಂದಾಗ ಬಿಡ್ತಾರೇನು ನೋಡು." ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯೇ?